ನಿರುದ್ಯೋಗ ದರದ ಪಟ್ಟಿಯ ಜೊತೆಗೆ ಅದರ ಅಳತೆಯನ್ನೂ ಜನರ ಮುಂದಿಡಿ: ಒಂದು ಬಹಿರಂಗ ಪತ್ರ

ದೇಶ ದೇಶಗಳ, ರಾಜ್ಯ ರಾಜ್ಯಗಳ ನಿರುದ್ಯೋಗ ದರವನ್ನು ಒಂದೇ ಕೋಷ್ಟಕದಲ್ಲಿ ಜೋಡಿಸಿ ಪ್ರಕಟಿಸುವ ಪತ್ರಿಕೆಗಳ ಮತ್ತು ಸುದ್ದಿವಾಹಿನಿಗಳ ಸಂಪಾದಕರಿಗೆ, ಆ ಕೋಷ್ಟಕವನ್ನು ಆಧಾರವಾಗಿಟ್ಟುಕೊಂಡು ಸದನದಲ್ಲಿ ಮಾತನಾಡುವ ಜನಪ್ರತಿನಿಧಿಗಳಿಗೆ,

ಮಾನ್ಯರೇ,

ಪಶ್ಚಿಮ ಆಫ್ರಿಕಾದ ನೈಜರ್ ಜಗತ್ತಿನ ಅತ್ಯಂತ ಬಡ ದೇಶಗಳಲ್ಲಿ ಒಂದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂದಾಜಿನಂತೆ ಅಲ್ಲಿಯ ನಿರುದ್ಯೋಗ ದರ ಹಲವು ವರ್ಷಗಳಿಂದ ಶೇ 1ರ ಆಸುಪಾಸಿನಲ್ಲಿದೆ. ಸ್ಪೇನ್ ಯುರೋಪಿನ ದೊಡ್ಡ ಆರ್ಥಿಕತೆಗಳಲ್ಲಿ ಒಂದು. ಅಲ್ಲಿ 2008ರಿಂದ 2024ರವರೆಗೆ ಯಾವೊಂದು ವರ್ಷದ ಸರಾಸರಿಯೂ ಶೇ 10ಕ್ಕಿಂತ ಕೆಳಗಿಳಿಯಲಿಲ್ಲ, 2013ರ ಆರಂಭದಲ್ಲಂತೂ ಅದು ಶೇ 26ನ್ನೂ ದಾಟಿತ್ತು. ಈ ಎರಡು ಸಂಖ್ಯೆಗಳನ್ನು ಒಂದರ ಕೆಳಗೊಂದು ಇಟ್ಟು, ಕಡಿಮೆ ಇರುವುದಕ್ಕೆ ಹಸಿರು ಬಣ್ಣವನ್ನೂ ಹೆಚ್ಚಿರುವುದಕ್ಕೆ ಕೆಂಪು ಬಣ್ಣವನ್ನೂ ಕೊಟ್ಟು ಪ್ರಕಟಿಸಿದಾಗ, ಉದ್ಯೋಗದ ವಿಷಯದಲ್ಲಿ ನೈಜರ್ ಸ್ಪೇನಿಗಿಂತ ಮುಂದಿದೆ ಎಂದು ಓದುಗ ತಿಳಿದುಕೊಂಡರೆ ಅದು ಅವನ ತಪ್ಪಲ್ಲ. ಆದರೆ ದುಡಿಮೆ ಅರಸಿ ಹೊರಟವರು ಪಶ್ಚಿಮ ಆಫ್ರಿಕಾದಿಂದ ಸ್ಪೇನಿನ ಕಡೆಗೆ ಪ್ರಾಣವನ್ನು ಪಣಕ್ಕಿಟ್ಟು ಸಮುದ್ರ ದಾಟುತ್ತಿದ್ದಾರೆಯೇ ಹೊರತು, ಸ್ಪೇನಿನ ನಿರುದ್ಯೋಗಿಗಳು ಆ ಕಡೆಗೆ ಹೊರಟ ಉದಾಹರಣೆ ಇಲ್ಲ. ಕೋಷ್ಟಕ ಒಂದನ್ನು ಹೇಳುತ್ತಿದೆ, ಜನರ ನಡೆ ಮತ್ತೊಂದನ್ನು ಹೇಳುತ್ತಿದೆ. ಇಂಥ ಕೋಷ್ಟಕಗಳನ್ನು ಇನ್ನು ಮುಂದೆ ಈಗಿನ ರೂಪದಲ್ಲಿ ಪ್ರಕಟಿಸಬೇಡಿ, ಉಲ್ಲೇಖಿಸಬೇಡಿ ಎಂದು ಕೇಳಿಕೊಳ್ಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಹೋಲಿಕೆಯೇ ಬೇಡ ಎನ್ನುವುದು ನನ್ನ ವಾದವಲ್ಲ. ಒಂದು ದೇಶದ ನೀತಿ ಫಲ ಕೊಟ್ಟಿದೆಯೇ ಇಲ್ಲವೇ ಎಂಬುದನ್ನು ಇನ್ನೊಂದು ದೇಶದ ಪಕ್ಕದಲ್ಲಿ ನಿಲ್ಲಿಸಿ ನೋಡದೆ ತಿಳಿಯುವುದು ಕಷ್ಟ. ಆದರೆ ಪಕ್ಕಪಕ್ಕದಲ್ಲಿ ನಿಲ್ಲಿಸುವ ಮೊದಲು ಎರಡೂ ಕಡೆ ಅಳೆದದ್ದು ಒಂದನ್ನೇ ಎಂಬುದು ಖಚಿತವಾಗಬೇಕು. ನಿರುದ್ಯೋಗ ದರದ ವಿಷಯದಲ್ಲಿ ಬಹಳ ಸಲ ಹಾಗಾಗಿರುವುದಿಲ್ಲ, ಮತ್ತು ಅಳೆದದ್ದು ಒಂದೇ ಆಗಿದ್ದಾಗಲೂ ಅದರ ಅರ್ಥ ಎರಡು ಕಡೆ ಒಂದೇ ಆಗಿರುವುದಿಲ್ಲ.

ಇಂದು ಹೆಚ್ಚಿನ ದೇಶಗಳು ಅನುಸರಿಸುವ ಅಳತೆಯ ಮೂಲ 1982ರಲ್ಲಿ ಜಿನೀವಾದಲ್ಲಿ ನಡೆದ ಕಾರ್ಮಿಕ ಸಂಖ್ಯಾಶಾಸ್ತ್ರಜ್ಞರ 13ನೆಯ ಅಂತರರಾಷ್ಟ್ರೀಯ ಸಮ್ಮೇಳನದ ನಿರ್ಣಯ. ಅದರ ಪ್ರಕಾರ ಒಬ್ಬ ವ್ಯಕ್ತಿ ನಿರುದ್ಯೋಗಿ ಎನಿಸಿಕೊಳ್ಳಬೇಕಾದರೆ ಸಮೀಕ್ಷೆಯ ವಾರದಲ್ಲಿ ಅವನಿಗೆ ಕೆಲಸ ಇರಬಾರದು, ಕೆಲಸ ಸಿಕ್ಕರೆ ಕೂಡಲೇ ಸೇರಲು ಸಿದ್ಧನಿರಬೇಕು, ಜೊತೆಗೆ ಇತ್ತೀಚಿನ ದಿನಗಳಲ್ಲಿ ಕೆಲಸಕ್ಕಾಗಿ ಹುಡುಕಾಟ ನಡೆಸಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಅವನು ಲೆಕ್ಕದಿಂದ ಹೊರಗೆ. ಇನ್ನೊಂದು ಬದಿಯಲ್ಲಿ, ಆ ವಾರದಲ್ಲಿ ಕೂಲಿಗಾಗಿಯೋ ಲಾಭಕ್ಕಾಗಿಯೋ ಒಂದೇ ಒಂದು ಗಂಟೆ ದುಡಿದಿದ್ದರೂ ಅವನು ಉದ್ಯೋಗಸ್ಥ. ಈ ಒಂದು ಗಂಟೆಯ ನಿಯಮವನ್ನು ಕೇಳಿ ಅನೇಕರು ಸಿಟ್ಟಾಗುತ್ತಾರೆ. ಅದಕ್ಕೊಂದು ಕಾರಣವಿದೆ ಎಂಬುದನ್ನು ಹೇಳಬೇಕು. ದೇಶದ ಒಟ್ಟು ಉತ್ಪಾದನೆಯ ಲೆಕ್ಕದಲ್ಲಿ ಪ್ರತಿಯೊಂದು ಗಂಟೆಯ ದುಡಿಮೆಯ ಫಲವೂ ಸೇರಿರುವುದರಿಂದ, ಆ ಉತ್ಪಾದನೆಗೆ ಕೈಹಚ್ಚಿದ ಪ್ರತಿಯೊಬ್ಬರೂ ಉದ್ಯೋಗದ ಲೆಕ್ಕದಲ್ಲಿ ಸೇರಬೇಕು ಎಂಬುದು ಸಂಖ್ಯಾಶಾಸ್ತ್ರಜ್ಞರ ಆಲೋಚನೆ. ಒಂದು ಗಂಟೆಯ ಕೆಲಸದಿಂದ ಬದುಕು ಸಾಗುತ್ತದೆ ಎಂದು ಅವರು ಎಂದೂ ಹೇಳಿಲ್ಲ. ಹಾಗೆ ಹೇಳಿದಂತೆ ಆ ಸಂಖ್ಯೆಯನ್ನು ಓದುತ್ತಿರುವವರು ನಾವು.

ಇನ್ನು ಭಾಜಕದ ವಿಷಯ, ಅಂದರೆ ಯಾವ ಮೊತ್ತದಿಂದ ಭಾಗಿಸುತ್ತೇವೆ ಎಂಬುದು. ನಿರುದ್ಯೋಗ ದರ ಎಂದರೆ ಜನಸಂಖ್ಯೆಯಲ್ಲಿ ಕೆಲಸವಿಲ್ಲದವರ ಪಾಲಲ್ಲ. ಕೆಲಸ ಮಾಡುತ್ತಿರುವವರು ಮತ್ತು ಕೆಲಸ ಹುಡುಕುತ್ತಿರುವವರು ಸೇರಿ ಆಗುವ ಶ್ರಮಶಕ್ತಿಯಲ್ಲಿ ಹುಡುಕುತ್ತಿರುವವರ ಪಾಲು. ಹುಡುಕಿ ಹುಡುಕಿ ಬೇಸತ್ತು ಕೈಬಿಟ್ಟವನು ನಿರುದ್ಯೋಗಿಗಳ ಎಣಿಕೆಯಿಂದಲೂ ಹೋಗುತ್ತಾನೆ, ಭಾಜಕದಿಂದಲೂ ಹೋಗುತ್ತಾನೆ. ಅಂಥವರ ಸಂಖ್ಯೆ ಹೆಚ್ಚಿದಷ್ಟೂ ದರ ಕೆಳಗಿಳಿಯುತ್ತದೆ. ಒಂದು ಸಮಾಜದ ಹತಾಶೆ ಅದರ ಸಾಧನೆಯಂತೆ ಕಾಣಿಸಬಹುದಾದ ಈ ಗುಣ ನಿರುದ್ಯೋಗ ದರಕ್ಕೆ ಹುಟ್ಟಿನಿಂದಲೇ ಬಂದದ್ದು.

ಈಗ ನೈಜರಿನ ಸಂಖ್ಯೆ ಅರ್ಥವಾಗುತ್ತದೆ. ಕೆಲಸ ಕಳೆದುಕೊಂಡವನಿಗೆ ಸರ್ಕಾರದ ಭತ್ಯೆ ಇಲ್ಲದ ಕಡೆ, ಕೂಡಿಟ್ಟ ಹಣವೂ ಇಲ್ಲದಿದ್ದಾಗ, ಒಳ್ಳೆಯ ಕೆಲಸಕ್ಕಾಗಿ ತಿಂಗಳುಗಟ್ಟಲೆ ಕಾದು ಕುಳಿತುಕೊಳ್ಳುವುದು ಯಾರಿಂದಲೂ ಆಗದು. ಮನೆಯ ಹೊಲದಲ್ಲಿ ಕೈಜೋಡಿಸಬೇಕು, ಬೀದಿಬದಿಯಲ್ಲಿ ಏನನ್ನಾದರೂ ಮಾರಬೇಕು, ಸಿಕ್ಕ ಕೂಲಿಗೆ ಹೋಗಬೇಕು. ಅವೆಲ್ಲವೂ ಉದ್ಯೋಗದ ಲೆಕ್ಕಕ್ಕೆ ಬರುತ್ತವೆ. ನಿರುದ್ಯೋಗಿಯಾಗಿ ಉಳಿಯುವುದಕ್ಕೂ ಒಂದಿಷ್ಟು ಆಸರೆ ಬೇಕು. ಆ ಆಸರೆ ಸ್ಪೇನಿನಲ್ಲಿ ಭತ್ಯೆಯ ರೂಪದಲ್ಲೂ ಕುಟುಂಬದ ಆದಾಯದ ರೂಪದಲ್ಲೂ ಇದೆ, ನೈಜರಿನಲ್ಲಿ ಇಲ್ಲ. ಕತಾರ್ ದೇಶದ ದರ ಶೇ 1ಕ್ಕಿಂತಲೂ ಬಹಳ ಕೆಳಗಿರುವುದಕ್ಕೆ ಕಾರಣ ಬೇರೆಯದು. ಅಲ್ಲಿ ದುಡಿಯುವವರಲ್ಲಿ ಬಹುಪಾಲು ಹೊರದೇಶದವರು, ಅವರ ವಾಸದ ಪರವಾನಗಿ ಕೆಲಸಕ್ಕೆ ಗಂಟುಬಿದ್ದಿದೆ. ಕೆಲಸ ಹೋದವನು ಸಾಮಾನ್ಯವಾಗಿ ದೇಶವನ್ನೇ ಬಿಡಬೇಕಾಗುತ್ತದೆ. ಅವನ ನಿರುದ್ಯೋಗ ಅವನ ತಾಯ್ನಾಡಿನ ಲೆಕ್ಕಕ್ಕೆ ಸೇರುತ್ತದೆ. ಮೂರು ದೇಶಗಳು, ಮೂರು ಬಗೆಯ ಬದುಕು, ಒಂದೇ ಕಾಲಂ.

ಈ ಅಳತೆ ಎಷ್ಟು ಸೂಕ್ಷ್ಮವಾದದ್ದು ಎಂಬುದಕ್ಕೆ ರುವಾಂಡಾಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. 2013ರಲ್ಲಿ ಕಾರ್ಮಿಕ ಸಂಖ್ಯಾಶಾಸ್ತ್ರಜ್ಞರ ಅದೇ ಸಮ್ಮೇಳನದ 19ನೆಯ ಅಧಿವೇಶನ ಉದ್ಯೋಗದ ಪರಿಧಿಯನ್ನು ಕಿರಿದುಮಾಡಿತು. ಮುಖ್ಯವಾಗಿ ಮನೆಯವರ ಊಟಕ್ಕಷ್ಟೇ ಬೆಳೆದುಕೊಳ್ಳುವ ಕೃಷಿಯನ್ನು ದುಡಿಮೆ ಎಂದು ಒಪ್ಪಿಕೊಂಡರೂ ಉದ್ಯೋಗ ಎಂದು ಎಣಿಸಬೇಕಿಲ್ಲ, ಕೂಲಿ ಅಥವಾ ಲಾಭಕ್ಕಾಗಿ ಮಾಡಿದ್ದು ಮಾತ್ರ ಉದ್ಯೋಗ ಎಂದಿತು. ಹಳೆಯ ಲೆಕ್ಕದಲ್ಲಿ ರುವಾಂಡಾದ ನಿರುದ್ಯೋಗ ದರ ಶೇ 2–3ರ ಆಸುಪಾಸಿನಲ್ಲಿತ್ತು. ಹೊಸ ಲೆಕ್ಕದ ಸಮೀಕ್ಷೆಗಳು ಬಂದ ಮೇಲೆ ಅದು ಶೇ 15ನ್ನು ದಾಟಿತು. ಅಲ್ಲಿ ಕಾರ್ಖಾನೆಗಳು ಸಾಲುಸಾಲಾಗಿ ಮುಚ್ಚಿರಲಿಲ್ಲ. ಬದಲಾದದ್ದು ಎಣಿಕೆಯ ಗೆರೆ. ಆ ಗೆರೆಯನ್ನು ಒಂದು ದೇಶ ದಾಟಿದೆ, ಪಕ್ಕದ ದೇಶ ಇನ್ನೂ ದಾಟಿಲ್ಲ ಎಂದಾದಾಗ ಅವೆರಡರ ನಡುವಿನ ಹೋಲಿಕೆಯಿಂದ ತಿಳಿಯುವುದು ಸಂಖ್ಯಾ ಇಲಾಖೆಗಳ ಕಾರ್ಯವೈಖರಿಯೇ ಹೊರತು ಜನರ ಉದ್ಯೋಗವಲ್ಲ.

ಶ್ರೀಮಂತ ದೇಶಗಳ ನಡುವಿನ ಹೋಲಿಕೆ ಇದಕ್ಕಿಂತ ಭದ್ರವಾಗಿದೆ ಎಂದು ಒಪ್ಪುತ್ತೇನೆ, ಆದರೆ ಅಲ್ಲೂ ಬಿರುಕುಗಳಿವೆ. ಅಮೆರಿಕ 16 ವರ್ಷ ತುಂಬಿದವರಿಂದ ಎಣಿಸಲು ಆರಂಭಿಸುತ್ತದೆ, ಕೆನಡಾ 15ರಿಂದ. ಉದ್ಯೋಗದ ಜಾಹೀರಾತುಗಳನ್ನು ಓದಿ ಸುಮ್ಮನಿದ್ದವನನ್ನು ಕೆನಡಾ ಹುಡುಕಾಟದಲ್ಲಿದ್ದಾನೆ ಎಂದು ಗಣಿಸುತ್ತದೆ. ಅಮೆರಿಕಕ್ಕೆ ಅದು ಸಾಲದು, ಅರ್ಜಿ ಹಾಕಿರಬೇಕು ಅಥವಾ ಯಾರನ್ನಾದರೂ ಸಂಪರ್ಕಿಸಿರಬೇಕು. ಹೀಗಾಗಿ ಕೆನಡಾದ ಅಧಿಕೃತ ಸಂಖ್ಯಾ ಸಂಸ್ಥೆ ತನ್ನ ದರವನ್ನು ಅಮೆರಿಕದ ವ್ಯಾಖ್ಯೆಗೆ ಹೊಂದಿಸಿದ ಪ್ರತ್ಯೇಕ ಸರಣಿಯನ್ನೇ ಪ್ರಕಟಿಸುತ್ತದೆ, ಮತ್ತು ಹೊಂದಿಸಿದ ದರ ಸಾಮಾನ್ಯವಾಗಿ ಅದರ ಸ್ವಂತ ದರಕ್ಕಿಂತ ಕಡಿಮೆ ಬರುತ್ತದೆ. ಅಮೆರಿಕದ ಕಾರ್ಮಿಕ ಅಂಕಿ-ಅಂಶ ಬ್ಯೂರೋ ಕೂಡ ಹಲವು ದಶಕಗಳ ಕಾಲ ಇತರ ಕೈಗಾರಿಕಾ ದೇಶಗಳ ದರಗಳನ್ನು ತನ್ನ ವ್ಯಾಖ್ಯೆಗೆ ಹೊಂದಿಸಿ ಪ್ರಕಟಿಸುತ್ತಿತ್ತು. 2013ರಲ್ಲಿ ಬಜೆಟ್ ಕಡಿತದ ಕಾರಣಕ್ಕೆ ಆ ಕಾರ್ಯಕ್ರಮವನ್ನೇ ನಿಲ್ಲಿಸಲಾಯಿತು. ಇದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ. ತಾಳ್ಮೆಯಿಂದ ಮಾಡಬೇಕಾದ ಅಂಥ ಹೊಂದಾಣಿಕೆ ನಿಂತ ಜಾಗವನ್ನು ಒಂದು ಕ್ಲಿಕ್ಕಿನಲ್ಲಿ ಸಿದ್ಧವಾಗುವ ಪಟ್ಟಿಗಳು ತುಂಬಿವೆ.

ಒಂದೇ ದೇಶದೊಳಗೆ ಎರಡು ಅಧಿಕೃತ ಸಂಖ್ಯೆಗಳಿರುವುದೂ ಉಂಟು. ಜರ್ಮನಿಯಲ್ಲಿ ಉದ್ಯೋಗ ಕಚೇರಿಗಳಲ್ಲಿ ಹೆಸರು ನೋಂದಾಯಿಸಿದವರ ಲೆಕ್ಕದಲ್ಲಿ 2023ರ ಸರಾಸರಿ ದರ ಶೇ 5.7, ಅದೇ ವರ್ಷ ಮನೆಮನೆಯ ಸಮೀಕ್ಷೆಯ ಅಂತರರಾಷ್ಟ್ರೀಯ ಮಾನದಂಡದ ದರ ಶೇ 3ರ ಆಸುಪಾಸು. ವಾರಕ್ಕೆ 15 ಗಂಟೆಗಿಂತ ಕಡಿಮೆ ದುಡಿಯುವವನು ಮೊದಲ ಲೆಕ್ಕದಲ್ಲಿ ನಿರುದ್ಯೋಗಿಯಾಗಿಯೇ ಉಳಿಯಬಹುದು, ಎರಡನೆಯದರಲ್ಲಿ ಅವನು ಉದ್ಯೋಗಸ್ಥ. ವ್ಯತ್ಯಾಸದ ಒಂದು ಕಾರಣ ಇದು. ಎರಡೂ ಸರಿಯಾದ ಸಂಖ್ಯೆಗಳೇ. ಆದರೆ ಜರ್ಮನಿಯ 5.7ನ್ನು ಅಮೆರಿಕದ ಸಮೀಕ್ಷೆಯ ದರದ ಪಕ್ಕದಲ್ಲಿಟ್ಟು ಅಮೆರಿಕ ಮುಂದಿದೆ ಎಂದು ಬರೆದರೆ ಅದು ತಪ್ಪು ಸುದ್ದಿ. 2005ರ ಜನವರಿಯಲ್ಲಿ ಜರ್ಮನಿಯ ನೋಂದಾಯಿತ ನಿರುದ್ಯೋಗಿಗಳ ಸಂಖ್ಯೆ 50 ಲಕ್ಷ ದಾಟಿ ದೊಡ್ಡ ರಾಜಕೀಯ ಕೋಲಾಹಲವೆದ್ದಾಗಲೂ, ಆ ಏರಿಕೆಯ ಒಂದು ದೊಡ್ಡ ಪಾಲು ಅದುವರೆಗೆ ಸಾಮಾಜಿಕ ನೆರವಿನ ಪಟ್ಟಿಯಲ್ಲಿದ್ದವರನ್ನು ಹೊಸ ಕಾನೂನಿನಂತೆ ನಿರುದ್ಯೋಗಿಗಳ ಪಟ್ಟಿಗೆ ತಂದದ್ದರಿಂದ ಬಂದದ್ದಾಗಿತ್ತು.

ನೋಂದಣಿಯ ಲೆಕ್ಕ ಆಡಳಿತದ ನಿಯಮಗಳಿಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಬ್ರಿಟನ್ 1982ರಲ್ಲಿ ಉದ್ಯೋಗ ಕಚೇರಿಯಲ್ಲಿ ನೋಂದಾಯಿಸಿದವರನ್ನು ಎಣಿಸುವುದನ್ನು ಬಿಟ್ಟು ಭತ್ಯೆ ಪಡೆಯುವವರನ್ನು ಎಣಿಸತೊಡಗಿತು. ಭತ್ಯೆಗೆ ಅರ್ಹರಲ್ಲದವರು ಸಂಖ್ಯೆಯಿಂದ ಹೊರಬಿದ್ದರು. ಚೀನಾದಲ್ಲಿ ನಗರಗಳ ನೋಂದಾಯಿತ ನಿರುದ್ಯೋಗ ದರ ವರ್ಷಾನುಗಟ್ಟಲೆ ಶೇ 4ರ ಆಸುಪಾಸಿನಲ್ಲೇ ನಿಂತಿತ್ತು. 2008–09ರ ಜಾಗತಿಕ ಬಿಕ್ಕಟ್ಟಿನಲ್ಲಿ ಹಳ್ಳಿಗಳಿಂದ ಬಂದಿದ್ದ ಸುಮಾರು 2 ಕೋಟಿ ವಲಸೆ ಕಾರ್ಮಿಕರು ಕೆಲಸ ಕಳೆದುಕೊಂಡಿದ್ದಾರೆ ಎಂದು ಅಲ್ಲಿಯ ಅಧಿಕಾರಿಗಳೇ ಹೇಳಿದರೂ ಆ ದರ ಅಲುಗಾಡಿದ್ದು ಅತ್ಯಲ್ಪ, ಏಕೆಂದರೆ ಗ್ರಾಮೀಣ ನಿವಾಸದ ದಾಖಲೆ ಹೊಂದಿದವರಿಗೆ ನಗರದಲ್ಲಿ ನಿರುದ್ಯೋಗಿ ಎಂದು ನೋಂದಾಯಿಸಿಕೊಳ್ಳುವ ಅವಕಾಶವೇ ಇರಲಿಲ್ಲ. 2018ರಿಂದ ಚೀನಾ ಸಮೀಕ್ಷೆ ಆಧಾರಿತ ದರವನ್ನು ಪ್ರತಿ ತಿಂಗಳು ಪ್ರಕಟಿಸುತ್ತಿರುವುದು ಮೆಚ್ಚಬೇಕಾದ ಹೆಜ್ಜೆ. ಆದರೆ 2023ರ ಜೂನ್‌ನಲ್ಲಿ 16ರಿಂದ 24 ವರ್ಷದವರ ದರ ಶೇ 21.3ಕ್ಕೆ ಮುಟ್ಟಿದ ಮೇಲೆ ಆ ಸರಣಿಯನ್ನು ತಡೆಹಿಡಿದು, ವಿದ್ಯಾರ್ಥಿಗಳನ್ನು ಹೊರಗಿಟ್ಟು ಮರುಲೆಕ್ಕ ಹಾಕಿ, ಆ ವರ್ಷದ ಡಿಸೆಂಬರ್‌ಗೆ ಶೇ 14.9 ಎಂದು ಪ್ರಕಟಿಸಲಾಯಿತು. ವಿದ್ಯಾರ್ಥಿಗಳನ್ನು ಹೊರಗಿಡುವುದಕ್ಕೆ ವಾದಗಳಿರಬಹುದು. ಅಂತರರಾಷ್ಟ್ರೀಯ ವ್ಯಾಖ್ಯೆ ಮಾತ್ರ, ಕೆಲಸ ಹುಡುಕುವ ವಿದ್ಯಾರ್ಥಿಯನ್ನೂ ನಿರುದ್ಯೋಗಿ ಎಂದೇ ಎಣಿಸುತ್ತದೆ. ಸ್ವೀಡನ್ 2007ರಲ್ಲಿ ತನ್ನ ರಾಷ್ಟ್ರೀಯ ವ್ಯಾಖ್ಯೆಯನ್ನು ಅದಕ್ಕೆ ಹೊಂದಿಸಿದಾಗ ಅದರ ದರ ಏರಿತು. ಆದ್ದರಿಂದ ಚೀನಾದ ಹೊಸ ಸಂಖ್ಯೆಯನ್ನು ಸ್ವೀಡನ್ನಿನ ಸಂಖ್ಯೆಯ ಪಕ್ಕದಲ್ಲಿ ಇಡುವ ಹಾಗಿಲ್ಲ.

ಕೋವಿಡ್ ಕಾಲದ ಸಂಖ್ಯೆಗಳ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕೆನಿಸುತ್ತದೆ, ಏಕೆಂದರೆ ಒಂದೇ ಆಘಾತ ಒಂದೇ ಹೊತ್ತಿಗೆ ಎಲ್ಲ ದೇಶಗಳ ಮೇಲೆ ಎರಗಿದ್ದು ಅಪರೂಪ, ಮತ್ತು ಅಳತೆಯ ದೋಷಗಳು ಅಷ್ಟು ನಿಚ್ಚಳವಾಗಿ ಕಂಡದ್ದೂ ಅಪರೂಪ. 2020ರ ಏಪ್ರಿಲ್‌ನಲ್ಲಿ ಅಮೆರಿಕದ ದರ ಶೇ 14.8ಕ್ಕೆ ಜಿಗಿಯಿತು. ಯುರೋಪಿಯನ್ ಒಕ್ಕೂಟದ ದರ ಆ ಇಡೀ ವರ್ಷದಲ್ಲಿ ಶೇ 8ನ್ನೂ ದಾಟಲಿಲ್ಲ. ಯುರೋಪಿನ ಕಾರ್ಖಾನೆಗಳು, ಹೋಟೆಲುಗಳು, ಅಂಗಡಿಗಳು ತೆರೆದಿದ್ದವೇ? ಅವೂ ಮುಚ್ಚಿದ್ದವು. ಜರ್ಮನಿಯಲ್ಲಿ ಆ ಏಪ್ರಿಲ್‌ನಲ್ಲಿ ಸುಮಾರು 60 ಲಕ್ಷ ಜನರು ಕೆಲಸದ ಅವಧಿಯನ್ನು ಕಡಿತಗೊಳಿಸಿ ಸರ್ಕಾರ ವೇತನದ ಪಾಲು ಭರಿಸುವ ಯೋಜನೆಯಲ್ಲಿದ್ದರು. ಮನೆಯಲ್ಲಿ ಕುಳಿತಿದ್ದರೂ ಮಾಲೀಕನೊಂದಿಗಿನ ಸಂಬಂಧ ಉಳಿದಿದ್ದರಿಂದ ಅವರು ಉದ್ಯೋಗಸ್ಥರು. ಅಮೆರಿಕದಲ್ಲಿ ತಾತ್ಕಾಲಿಕವಾಗಿ ಕೆಲಸದಿಂದ ಬಿಡಿಸಲ್ಪಟ್ಟ ಸುಮಾರು 1.8 ಕೋಟಿ ಜನರು ಮನೆಯಲ್ಲಿ ಕುಳಿತಿದ್ದರು. ಮತ್ತೆ ಕರೆ ಬರುವ ನಿರೀಕ್ಷೆಯಲ್ಲಿರುವವರನ್ನು, ಬೇರೆ ಕೆಲಸ ಹುಡುಕದಿದ್ದರೂ, ಅಲ್ಲಿಯ ನಿಯಮ ನಿರುದ್ಯೋಗಿ ಎಂದೇ ಎಣಿಸುತ್ತದೆ. ಇಬ್ಬರ ದಿನವೂ ಬಹುಮಟ್ಟಿಗೆ ಒಂದೇ, ಸಂಖ್ಯೆಯಲ್ಲಿ ಮಾತ್ರ ಆಕಾಶ ಭೂಮಿಯ ಅಂತರ. ಅಮೆರಿಕದ ಬ್ಯೂರೋ ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಿತು: ಸಮೀಕ್ಷಕರು ಹಲವರನ್ನು ಬೇರೆ ಕಾರಣದಿಂದ ಗೈರುಹಾಜರಾದ ಉದ್ಯೋಗಸ್ಥರು ಎಂದು ತಪ್ಪಾಗಿ ಗುರುತಿಸಿದ್ದರು, ಅದನ್ನು ಸರಿಪಡಿಸಿದ್ದರೆ ದರ ಸುಮಾರು 5 ಶೇಕಡಾ ಅಂಶಗಳಷ್ಟು ಹೆಚ್ಚಿರುತ್ತಿತ್ತು.

ದಕ್ಷಿಣ ಆಫ್ರಿಕಾದಲ್ಲಿ ಆದದ್ದು ಇನ್ನೂ ವಿಚಿತ್ರ. 2020ರ ಮೊದಲ ತ್ರೈಮಾಸಿಕದಲ್ಲಿ ಅಲ್ಲಿಯ ಅಧಿಕೃತ ದರ ಶೇ 30.1. ಲಾಕ್‌ಡೌನ್ ಬಿದ್ದ ಎರಡನೆಯ ತ್ರೈಮಾಸಿಕದಲ್ಲಿ ಸುಮಾರು 22 ಲಕ್ಷ ಜನರ ಕೆಲಸ ಹೋಯಿತು. ದರ ಏರಬೇಕಿತ್ತಲ್ಲವೇ? ಅದು ಶೇ 23.3ಕ್ಕೆ ಇಳಿಯಿತು. ಮನೆಯಿಂದ ಹೊರಗೆ ಕಾಲಿಡಲಾಗದ ಜನ ಕೆಲಸ ಹುಡುಕಲಿಲ್ಲ. ಹುಡುಕದ ಕಾರಣ ನಿರುದ್ಯೋಗಿಗಳ ಸಂಖ್ಯೆ 71 ಲಕ್ಷದಿಂದ 43 ಲಕ್ಷಕ್ಕೆ ಕುಸಿಯಿತು. ಅದೃಷ್ಟವಶಾತ್ ಆ ದೇಶ ಬಹುಕಾಲದಿಂದ ಎರಡು ದರಗಳನ್ನು ಜೊತೆಯಲ್ಲೇ ಪ್ರಕಟಿಸುತ್ತದೆ. ಕೆಲಸ ಬೇಕು, ಆದರೆ ಹುಡುಕುತ್ತಿಲ್ಲ ಎನ್ನುವವರನ್ನೂ ಒಳಗೊಳ್ಳುವ ವಿಸ್ತೃತ ದರ ಅದೇ ಅವಧಿಯಲ್ಲಿ ಶೇ 39.7ರಿಂದ ಶೇ 42.0ಕ್ಕೆ ಏರಿ ನಡೆದದ್ದನ್ನು ಹೇಳಿತು. ಮೊದಲ ಸಂಖ್ಯೆಯೊಂದನ್ನೇ ಹಿಡಿದು ಆ ತ್ರೈಮಾಸಿಕದ ಅಂತರರಾಷ್ಟ್ರೀಯ ಪಟ್ಟಿ ಮಾಡಿದವರು, ಲಕ್ಷಾಂತರ ಕುಟುಂಬಗಳ ಆದಾಯ ನಿಂತ ತಿಂಗಳುಗಳನ್ನು ದಕ್ಷಿಣ ಆಫ್ರಿಕಾದ ಸುಧಾರಣೆಯ ತಿಂಗಳುಗಳೆಂದು ದಾಖಲಿಸಿದಂತಾಯಿತು.

ಯುವಜನರ ನಿರುದ್ಯೋಗದ ಸುದ್ದಿಗಳಲ್ಲಿ ತಪ್ಪು ಇನ್ನೊಂದು ದಿಕ್ಕಿಗೆ ವಾಲುತ್ತದೆ. 2013ರಲ್ಲಿ ಗ್ರೀಸ್ ದೇಶದ ಯುವ ನಿರುದ್ಯೋಗ ದರ ಶೇ 58ರಷ್ಟಿತ್ತು. ಆಗ ಅನೇಕ ಕಡೆ, ಗ್ರೀಸಿನ ಯುವಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಿರುದ್ಯೋಗಿಗಳು ಎಂದು ಬರೆಯಲಾಯಿತು. 15ರಿಂದ 24ರ ವಯಸ್ಸಿನ ಬಹುತೇಕರು ಓದುತ್ತಿರುತ್ತಾರೆ, ಶ್ರಮಶಕ್ತಿಯಲ್ಲಿ ಇರುವುದೇ ಇಲ್ಲ. ಆ ವಯಸ್ಸಿನ ಒಟ್ಟು ಜನಸಂಖ್ಯೆಯಲ್ಲಿ ನಿರುದ್ಯೋಗಿಗಳ ಪಾಲು ಶೇ 16–17. ಅದೂ ಘೋರವಾದ ಸಂಖ್ಯೆಯೇ, ಆದರೆ ಅರ್ಧಕ್ಕಿಂತ ಹೆಚ್ಚಲ್ಲ. ಹದಿನೆಂಟು ವರ್ಷಕ್ಕೇ ಹೆಚ್ಚಿನವರು ದುಡಿಮೆಗೆ ಇಳಿಯುವ ದೇಶವನ್ನೂ ಇಪ್ಪತ್ತನಾಲ್ಕರವರೆಗೆ ಓದುವ ದೇಶವನ್ನೂ ಈ ದರದ ಮೂಲಕ ಹೋಲಿಸುವಾಗ, ಎರಡನೆಯದರ ಭಾಜಕ ಚಿಕ್ಕದಾಗಿರುವುದರಿಂದಲೇ ಅದರ ದರ ಹೆಚ್ಚು ಕಾಣಿಸಬಹುದು.

ಭಾರತದ ಸಂಖ್ಯೆಗಳಿಗೆ ಬರೋಣ. ಸಮೀಕ್ಷೆಯ ದಿನಕ್ಕೆ ಹಿಂದಿನ 365 ದಿನಗಳಲ್ಲಿ ವ್ಯಕ್ತಿಯೊಬ್ಬ ಸಾಮಾನ್ಯವಾಗಿ ಏನು ಮಾಡುತ್ತಿದ್ದ ಎಂಬುದನ್ನು ಆಧರಿಸಿದ, ಕೇಂದ್ರ ಸರ್ಕಾರದ ನಿಯತಕಾಲಿಕ ಶ್ರಮಶಕ್ತಿ ಸಮೀಕ್ಷೆಯ (ಪಿಎಲ್‌ಎಫ್‌ಎಸ್) ದರ 2023–24ರಲ್ಲಿ ಶೇ 3.2. ಅದೇ ಸಮೀಕ್ಷೆಯಲ್ಲಿ, ಅದೇ ಮನೆಗಳಲ್ಲಿ, ಹಿಂದಿನ 7 ದಿನಗಳನ್ನು ಆಧರಿಸಿದ ದರ ಶೇ 4.9. ವರ್ಷದ ಲೆಕ್ಕದಲ್ಲಿ ಮುಖ್ಯವಾಗಿ ಕೆಲಸ ಹುಡುಕುತ್ತಿದ್ದವನೂ 30 ದಿನಗಳಷ್ಟು ಯಾವುದಾದರೂ ಪೂರಕ ಕೆಲಸ ಮಾಡಿದ್ದರೆ ಉದ್ಯೋಗಸ್ಥನಾಗುತ್ತಾನೆ. ಇತರ ದೇಶಗಳ ಸಮೀಕ್ಷೆಯ ದರಗಳು ಸಾಮಾನ್ಯವಾಗಿ ವಾರದ ಲೆಕ್ಕದವು. ಹಾಗಿದ್ದರೂ 3.2ನ್ನು ಅಮೆರಿಕ ಮತ್ತು ಯುರೋಪಿನ ಸಂಖ್ಯೆಗಳ ಪಕ್ಕದಲ್ಲಿಟ್ಟು ಮಾಡಿದ ಭಾಷಣಗಳಿವೆ, ಬರೆದ ಶೀರ್ಷಿಕೆಗಳಿವೆ. ಹಾಗೆಯೇ ಖಾಸಗಿ ಸಂಸ್ಥೆಯಾದ ಸಿಎಂಐಇ ಸಮೀಕ್ಷೆಯ ದಿನದ ಸ್ಥಿತಿಯನ್ನು ಆಧರಿಸಿ ಕೊಡುವ, ಸಾಮಾನ್ಯವಾಗಿ ಹೆಚ್ಚಿರುವ ದರವನ್ನು ಒಂದು ವರ್ಷಕ್ಕೆ ತೆಗೆದುಕೊಂಡು, ಮತ್ತೊಂದು ವರ್ಷಕ್ಕೆ ಸರ್ಕಾರದ ದರವನ್ನು ತೆಗೆದುಕೊಂಡು ಏರಿತು ಅಥವಾ ಇಳಿಯಿತು ಎನ್ನುವುದೂ ನಡೆದಿದೆ. ಆಡಳಿತ ಪಕ್ಷ, ವಿರೋಧ ಪಕ್ಷ ಎಂಬ ಭೇದ ಇದರಲ್ಲಿ ಇಲ್ಲ. 2025ರಿಂದ ಭಾರತ ವಾರದ ಲೆಕ್ಕದ ದರವನ್ನು ಪ್ರತಿ ತಿಂಗಳು ಪ್ರಕಟಿಸುತ್ತಿರುವುದರಿಂದ ಹೊರದೇಶಗಳೊಂದಿಗೆ ಹೋಲಿಸುವವರಿಗೆ ಇನ್ನು ನೆಪ ಉಳಿದಿಲ್ಲ. ಆದರೂ ಮನೆಯ ಬಳಕೆಗಾಗಿ ಮಾಡುವ ಕೃಷಿಯನ್ನು ಭಾರತ ಉದ್ಯೋಗವೆಂದೇ ಎಣಿಸುತ್ತದೆ ಎಂಬುದು ನೆನಪಿರಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಇದರ ಪರಿಣಾಮ ದೊಡ್ಡದು. ಭಾರತದಲ್ಲಿ 15 ವರ್ಷ ಮೇಲ್ಪಟ್ಟ ಮಹಿಳೆಯರ ಶ್ರಮಶಕ್ತಿಯ ಪಾಲ್ಗೊಳ್ಳುವಿಕೆ 2017–18ರಲ್ಲಿ ಶೇ 23.3 ಇದ್ದದ್ದು 2023–24ರಲ್ಲಿ ಶೇ 41.7ಕ್ಕೆ ಏರಿದೆ. ಆದರೆ ಉದ್ಯೋಗಸ್ಥರೆಂದು ಎಣಿಸಲಾದ ಮಹಿಳೆಯರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನವರು ಮನೆಯ ಹೊಲದಲ್ಲೋ ಅಂಗಡಿಯಲ್ಲೋ ಕೂಲಿಯಿಲ್ಲದೆ ದುಡಿಯುವವರು. ಅಮೆರಿಕದಲ್ಲಿ ಇಂಥ ಕೂಲಿಯಿಲ್ಲದ ಕುಟುಂಬ ದುಡಿಮೆ ವಾರಕ್ಕೆ 15 ಗಂಟೆಯನ್ನು ಮುಟ್ಟಿದರೆ ಮಾತ್ರ ಉದ್ಯೋಗ. ಈ ಮಹಿಳೆಯರ ದುಡಿಮೆ ಲೆಕ್ಕಕ್ಕೆ ಬರಲೇಬೇಕು, ಅದನ್ನು ಮರೆಮಾಚುವ ಲೆಕ್ಕಕ್ಕಿಂತ ಎಣಿಸುವ ಲೆಕ್ಕವೇ ಮೇಲು ಎಂದು ನಾನು ನಂಬಿದ್ದೇನೆ. ಆದರೆ ತಿಂಗಳ ಕೊನೆಗೆ ಕೈಗೆ ಒಂದು ರೂಪಾಯಿಯೂ ಬಾರದ ದುಡಿಮೆಯನ್ನು ಸಂಬಳದ ಕೆಲಸದ ಜೊತೆ ಒಂದೇ ಮೊತ್ತದಲ್ಲಿ ಕರಗಿಸಿ, ಆ ಮೊತ್ತವನ್ನು ಬೇರೆ ದೇಶದ ಮೊತ್ತದೊಂದಿಗೆ ಹೋಲಿಸುವುದು ಅವರಿಗೆ ಮಾಡುವ ಅನ್ಯಾಯ.

ಇದೆಲ್ಲ ಹೊಸ ತಿಳಿವಳಿಕೆಯಲ್ಲ. ಎಂ. ಎಲ್. ದಾಂತ್‌ವಾಲಾ ಅಧ್ಯಕ್ಷತೆಯ ತಜ್ಞರ ಸಮಿತಿ 1970ರಷ್ಟು ಹಿಂದೆಯೇ, ಭಾರತದಂಥ ಆರ್ಥಿಕತೆಯಲ್ಲಿ ನಿರುದ್ಯೋಗವನ್ನು ಒಂದೇ ಸಂಖ್ಯೆಯಲ್ಲಿ ಹಿಡಿದಿಡುವುದು ಸರಿಯಲ್ಲ, ಹಲವು ಅಳತೆಗಳು ಬೇಕು ಎಂದು ಶಿಫಾರಸು ಮಾಡಿತ್ತು. ವರ್ಷ, ವಾರ, ದಿನ ಎಂಬ ಬೇರೆ ಬೇರೆ ಲೆಕ್ಕಗಳು ಬಂದದ್ದು ಆ ಆಲೋಚನೆಯಿಂದಲೇ. ಅರ್ಧ ಶತಮಾನದ ಹಿಂದೆ ತಜ್ಞರು ಎಚ್ಚರಿಕೆಯಿಂದ ಬೇರ್ಪಡಿಸಿಕೊಟ್ಟದ್ದನ್ನು ನಾವು ಒಂದು ಶೀರ್ಷಿಕೆಗಾಗಿ ಮತ್ತೆ ಕಲಸಿಬಿಡುತ್ತಿದ್ದೇವೆ.

ದೇಶದೊಳಗಿನ ಪ್ರದೇಶಗಳನ್ನು ಹೋಲಿಸುವಾಗ ವ್ಯಾಖ್ಯೆಯ ತೊಡಕು ಇರುವುದಿಲ್ಲ. ಒಂದೇ ಸಮೀಕ್ಷೆ, ಒಂದೇ ಪ್ರಶ್ನಾವಳಿ. ಹಾಗಾಗಿ ಇಲ್ಲಿನ ಸಂಖ್ಯೆಗಳಿಗೆ ಹೆಚ್ಚು ಬೆಲೆಯಿದೆ. 2023ರಲ್ಲಿ ಇಟಲಿಯ ರಾಷ್ಟ್ರೀಯ ದರ ಶೇ 8ಕ್ಕಿಂತ ಕಡಿಮೆ ಇತ್ತು, ಆದರೆ ಉತ್ತರದ ಬೊಲ್ಝಾನೊದಲ್ಲಿ ದರ ಶೇ 3ಕ್ಕಿಂತ ಕೆಳಗೆ, ದಕ್ಷಿಣದ ಕಂಪಾನಿಯದಲ್ಲಿ ಶೇ 17ರಷ್ಟು ಮೇಲೆ. ಇದು ನಿಜವಾದ ಅಂತರ. ಇಟಲಿಯನ್ನು ಒಂದು ಸಂಖ್ಯೆಯಾಗಿ ಜರ್ಮನಿಯ ಪಕ್ಕದಲ್ಲಿ ನಿಲ್ಲಿಸಿದಾಗ ಈ ಎರಡು ಇಟಲಿಗಳೂ ಕಣ್ಮರೆಯಾಗುತ್ತವೆ. ದೇಶಗಳ ನಡುವಿನ ಅಂತರಕ್ಕಿಂತ ದೇಶದೊಳಗಿನ ಅಂತರ ದೊಡ್ಡದಾಗಿರುವ ಕಡೆ ರಾಷ್ಟ್ರೀಯ ಸರಾಸರಿಯನ್ನೇ ಶೀರ್ಷಿಕೆಯಾಗಿಸುವುದಕ್ಕೆ ಕಾರಣವೇ ಇಲ್ಲ.

ಆದರೆ ವ್ಯಾಖ್ಯೆ ಒಂದೇ ಆದ ಮಾತ್ರಕ್ಕೆ ಅರ್ಥವೂ ಒಂದೇ ಆಗುವುದಿಲ್ಲ. 2023–24ರಲ್ಲಿ ಕೇರಳದ ದರ ಶೇ 7.2, ಮಧ್ಯಪ್ರದೇಶದ್ದು ಶೇ 1.0. ಕೇರಳದ ಆಡಳಿತ ಉದ್ಯೋಗ ಸೃಷ್ಟಿಯಲ್ಲಿ ಮಧ್ಯಪ್ರದೇಶಕ್ಕಿಂತ ಏಳು ಪಟ್ಟು ಸೋತಿದೆ ಎಂದು ಇದರಿಂದ ಹೇಳಬಹುದೇ? ಕೇರಳದಲ್ಲಿ ಹೆಚ್ಚು ಓದಿದವರಿದ್ದಾರೆ, ಅವರಲ್ಲಿ ಹೆಣ್ಣುಮಕ್ಕಳೂ ಬಹಳ. ಓದಿಗೆ ತಕ್ಕ ಕೆಲಸ ಸಿಗುವವರೆಗೆ ಕಾಯಲು ಹೊರದೇಶಗಳಿಂದ ಬರುವ ಹಣ ಹಲವು ಮನೆಗಳಿಗೆ ಆಸರೆಯಾಗಿದೆ. ಅದೇ ರಾಜ್ಯಕ್ಕೆ ಉತ್ತರ ಮತ್ತು ಪೂರ್ವ ಭಾರತದಿಂದ ಲಕ್ಷಾಂತರ ಕಾರ್ಮಿಕರು ಕೂಲಿ ಅರಸಿ ಬರುತ್ತಿದ್ದಾರೆ. ಕೇರಳದ ಶೇ 7.2 ಒಂದು ಗಂಭೀರ ಸಮಸ್ಯೆಯನ್ನು ಹೇಳುತ್ತದೆ, ಅದು ಓದಿದವರಿಗೆ ತಕ್ಕ ಕೆಲಸಗಳ ಕೊರತೆಯ ಸಮಸ್ಯೆ. ಮಧ್ಯಪ್ರದೇಶದ ಶೇ 1.0ರೊಳಗೆ ಅಡಗಿರುವುದು ಕಡಿಮೆ ಉತ್ಪಾದಕತೆಯ ಕೃಷಿಯಲ್ಲಿ ಹೆಚ್ಚು ಜನ ಹಂಚಿಕೊಂಡು ದುಡಿಯುವ ಬೇರೆಯೇ ಸಮಸ್ಯೆ. ಎರಡಕ್ಕೂ ಪರಿಹಾರ ಬೇರೆ. ಒಂದೇ ಏಣಿಯ ಮೇಲಿನ ಮೆಟ್ಟಿಲು, ಕೆಳಗಿನ ಮೆಟ್ಟಿಲು ಎಂದು ಅವನ್ನು ತೋರಿಸಿದಾಗ ಎರಡೂ ಸರ್ಕಾರಗಳಿಗೆ ತಪ್ಪು ಪಾಠ ಹೋಗುತ್ತದೆ.

ವಲಸೆಯೂ ಪ್ರಾದೇಶಿಕ ದರವನ್ನು ತಿರುಚುತ್ತದೆ. ಕೆಲಸವಿಲ್ಲದವರು ಊರು ಬಿಟ್ಟು ಹೋದರೆ ಊರಿನ ದರ ಇಳಿಯುತ್ತದೆ, ಉಳಿದವರಿಗೆ ಹೊಸ ಕೆಲಸ ಹುಟ್ಟಬೇಕೆಂದಿಲ್ಲ. ಸಮೀಕ್ಷೆಗಳು ಜನರನ್ನು ಅವರು ವಾಸಿಸುವ ಕಡೆ ಎಣಿಸುತ್ತವೆ, ದುಡಿಯುವ ಕಡೆಯಲ್ಲ. ಲಕ್ಸೆಂಬರ್ಗಿನ ಉದ್ಯೋಗಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಗಳಿಂದ ದಿನವೂ ಗಡಿ ದಾಟಿ ಬರುವವರಾದ್ದರಿಂದ, ಆ ಕೆಲಸಗಳು ಹೋದಾಗ ನಿರುದ್ಯೋಗ ಕಾಣಿಸಿಕೊಳ್ಳುವುದು ಗಡಿಯಾಚೆಯ ಊರುಗಳಲ್ಲಿ.

ಜೊತೆಗೆ ಮಾದರಿಯ ಗಾತ್ರದ, ಅಂದರೆ ಸಮೀಕ್ಷೆಗೆ ಆರಿಸಿಕೊಂಡ ಮನೆಗಳ ಸಂಖ್ಯೆಯ ಪ್ರಶ್ನೆಯಿದೆ. ಅಮೆರಿಕದ ಮಾಸಿಕ ಸಮೀಕ್ಷೆ ಸುಮಾರು 60,000 ಮನೆಗಳನ್ನು ಒಳಗೊಂಡಿದ್ದರೂ, ರಾಷ್ಟ್ರೀಯ ದರದಲ್ಲಿ ತಿಂಗಳಿಂದ ತಿಂಗಳಿಗೆ ಆಗುವ 0.1 ಶೇಕಡಾ ಅಂಶದ ಏರಿಳಿತ ಮಾದರಿಯ ದೋಷದ ಮಿತಿಯೊಳಗೇ ಇರುತ್ತದೆ. ರಾಜ್ಯ, ಜಿಲ್ಲೆಗಳ ಮಟ್ಟಕ್ಕೆ ಇಳಿದಂತೆ ಉತ್ತರ ಕೊಟ್ಟ ಮನೆಗಳು ಕಡಿಮೆಯಾಗುತ್ತವೆ, ದೋಷದ ಅಗಲ ಹೆಚ್ಚುತ್ತದೆ. ಒಂದು ಪ್ರದೇಶ 0.3 ಶೇಕಡಾ ಅಂಶದಿಂದ ಇನ್ನೊಂದನ್ನು ಹಿಂದಿಕ್ಕಿತು ಎಂಬ ಸುದ್ದಿ ಬಹಳ ಸಲ ಸುದ್ದಿಯೇ ಅಲ್ಲ. ಜಾಗತಿಕ ಪಟ್ಟಿಗಳಲ್ಲಿ ಇನ್ನೂ ಒಂದು ವಿಷಯ ಕಣ್ಣಿಗೆ ಬೀಳುವುದಿಲ್ಲ: ಹಲವು ಬಡ ದೇಶಗಳಲ್ಲಿ ಪ್ರತಿ ವರ್ಷ ಸಮೀಕ್ಷೆ ನಡೆಯುವುದೇ ಇಲ್ಲ, ಪಟ್ಟಿಯಲ್ಲಿ ಕಾಣುವ ಸಂಖ್ಯೆ ಗಣಿತದ ಮಾದರಿಯಿಂದ ಅಂದಾಜಿಸಿದ್ದು.

ಸಂಪಾದಕರಲ್ಲಿ ನನ್ನ ಕೋರಿಕೆ ಹೆಚ್ಚೇನೂ ಖರ್ಚಿನದಲ್ಲ. ದರವನ್ನು ಪ್ರಕಟಿಸುವಾಗ ಅದು ಸಮೀಕ್ಷೆಯದೋ ನೋಂದಣಿಯದೋ ಅಂದಾಜಿನದೋ, ಯಾವ ಅವಧಿಯದು, ಯಾವ ವಯಸ್ಸಿನವರದು ಎಂಬ ಒಂದು ಸಾಲನ್ನು ಕೋಷ್ಟಕದ ಕೆಳಗೆ ಕೊಡಿ. ಒಂದೇ ಬಗೆಯವಲ್ಲದ ಸಂಖ್ಯೆಗಳನ್ನು ಒಂದೇ ಕೋಷ್ಟಕದಲ್ಲಿ ಸೇರಿಸಬೇಡಿ. ನಿರುದ್ಯೋಗ ದರದ ಪಕ್ಕದಲ್ಲಿ ಇನ್ನೊಂದು ಕಾಲಂ ಇರಲಿ, ಅದರಲ್ಲಿ ಒಟ್ಟು ಜನಸಂಖ್ಯೆಯಲ್ಲಿ ದುಡಿಯುತ್ತಿರುವವರ ಪಾಲನ್ನು ಹಾಕಿ, ಹುಡುಕಾಟ ಬಿಟ್ಟವರು ಆ ಲೆಕ್ಕದಿಂದ ತಪ್ಪಿಸಿಕೊಳ್ಳುವುದಿಲ್ಲ. ಬಡ ದೇಶಗಳೂ ಪಟ್ಟಿಯಲ್ಲಿದ್ದರೆ, ಕೂಲಿಯಿಲ್ಲದೆ ಅಥವಾ ಸ್ವಂತ ಸಣ್ಣ ದುಡಿಮೆಯಲ್ಲಿ ತೊಡಗಿರುವವರ ಪಾಲನ್ನೂ ಕೊಡಿ. 2013ರ ಅಂತರರಾಷ್ಟ್ರೀಯ ನಿರ್ಣಯವೇ ನಿರುದ್ಯೋಗ ದರದ ಜೊತೆಗೆ ಇನ್ನೂ ಮೂರು ಅಳತೆಗಳನ್ನು ಮುಂದಿಟ್ಟಿದೆ: ಹೆಚ್ಚು ಗಂಟೆ ದುಡಿಯಬೇಕೆಂದರೂ ಸಿಗದವರನ್ನು ಸೇರಿಸಿದ್ದು, ಹುಡುಕದಿದ್ದರೂ ಕೆಲಸ ಬೇಕೆನ್ನುವವರನ್ನು ಸೇರಿಸಿದ್ದು, ಎರಡನ್ನೂ ಸೇರಿಸಿದ್ದು. ಅವು ಹಲವು ದೇಶಗಳಿಗೆ ಉಚಿತವಾಗಿ ಲಭ್ಯವಿವೆ, ಆದರೆ ಸುದ್ದಿಗಳಲ್ಲಿ ಕಾಣಿಸುವುದು ಬಹಳ ವಿರಳ.

ಜನಪ್ರತಿನಿಧಿಗಳಲ್ಲಿ ಕೇಳುವುದು ಇದಕ್ಕಿಂತ ಭಾರವಾದದ್ದು. ಸಮೀಕ್ಷೆಗಳಿಗೆ ಹಣವನ್ನೂ ಸಿಬ್ಬಂದಿಯನ್ನೂ ಕೊಡಿ. ಬ್ರಿಟನ್ನಿನಲ್ಲಿ ಶ್ರಮಶಕ್ತಿ ಸಮೀಕ್ಷೆಗೆ ಉತ್ತರಿಸುವವರ ಪ್ರಮಾಣ ಶೇ 20ಕ್ಕಿಂತ ಕೆಳಗೆ ಕುಸಿದು, 2023ರ ಅಕ್ಟೋಬರ್‌ನಲ್ಲಿ ಅಧಿಕೃತ ಸಂಖ್ಯಾ ಕಚೇರಿ ಅದರ ಅಂದಾಜುಗಳ ಪ್ರಕಟಣೆಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ದೀರ್ಘ ಪರಂಪರೆಯ ಕಚೇರಿಗೇ ಹೀಗಾದರೆ ಉಳಿದವುಗಳ ಸ್ಥಿತಿಯನ್ನು ಊಹಿಸಬಹುದು. ವ್ಯಾಖ್ಯೆಯನ್ನು ಬದಲಿಸುವ ಅಗತ್ಯ ಬಂದಾಗ ಬದಲಿಸಿ, ಅದಕ್ಕೆ ಯಾರ ಅಡ್ಡಿಯೂ ಇರಬಾರದು. ಆದರೆ ಹಳೆಯ ಲೆಕ್ಕವನ್ನೂ ಹೊಸ ಲೆಕ್ಕವನ್ನೂ ಕನಿಷ್ಠ ಮೂರು ವರ್ಷಗಳ ಕಾಲ ಜೊತೆಜೊತೆಗೆ ಪ್ರಕಟಿಸಬೇಕು, ಮತ್ತು ಮನೆಮಟ್ಟದ ಮೂಲ ದತ್ತಾಂಶವನ್ನು ಹೆಸರು ವಿಳಾಸಗಳನ್ನು ತೆಗೆದು ಸಂಶೋಧಕರಿಗೆ ತೆರೆದಿಡಬೇಕು ಎಂಬ ನಿಯಮವನ್ನು ಸಂಖ್ಯಾ ಇಲಾಖೆಗಳ ಕಾನೂನಿನಲ್ಲೇ ಸೇರಿಸಿ. ಮುಂದಿನ ಬಜೆಟ್ ಅಧಿವೇಶನದಲ್ಲಿ ಈ ತಿದ್ದುಪಡಿಯನ್ನು ಮಂಡಿಸುವ ಸದಸ್ಯರು ಯಾವ ಪಕ್ಷದವರಾದರೂ, ಅವರಿಗೆ ನನ್ನ ಬೆಂಬಲವಿದೆ.

ಗೌರವಪೂರ್ವಕ ವಂದನೆಗಳೊಂದಿಗೆ,
ಉದ್ಯೋಗದ ಅಂಕಿ-ಅಂಶಗಳನ್ನು ಕಾಳಜಿಯಿಂದ ಓದುವ ಒಬ್ಬ ನಾಗರಿಕ